ಬರೀ ಮುಚ್ಚಳದ ವ್ಯಾಪಾರ

ಬಿತ್ತು, ಮತ್ತೊಂದು ಬಿತ್ತು, ತಿರುಗಿ ನೋಡದೆಯೇ ಹೇಳಬಲ್ಲೆ, ಮೇಲಿನ ಹಲಗೆಯ ಸ್ಟೀಲಿನದು, ಹಾಲಿನ ಪಾತ್ರೆಯ ಅಳತೆಯದು, ಗಾಜಿನದಾಗಿದ್ದರೆ ಇಷ್ಟು ಹೊತ್ತಿಗೆ ಸದ್ದು ಮುಗಿದು ನಾನು ಪೊರಕೆ ಹುಡುಕುತ್ತಿರಬೇಕಾಗಿತ್ತು, ಸ್ಟೀಲಿನದಕ್ಕೆ ಅಂಥ ಅವಸರವಿಲ್ಲ, ಮೊದಲು ಟಣ್ ಎಂದು ತಾನು ಬಂದದ್ದನ್ನು ಸಾರುತ್ತದೆ, ಆಮೇಲೆ ಅಂಚಿನ ಮೇಲೆ ನಿಂತು ಸುತ್ತುತ್ತದೆ, ಸುತ್ತುತ್ತ ಬಗ್ಗುತ್ತದೆ, ಬಗ್ಗಿದಷ್ಟೂ ಗದ್ದಲ ಹೆಚ್ಚು — ಕೆಲವು ಜನರ ಹಾಗೆ — ಕೊನೆಗೆ ರ್ರ್ರ್ ಎಂದು ನೆಲಕ್ಕೆ ಅಂಟಿಕೊಂಡು ಏನೂ ಆಗಿಯೇ ಇಲ್ಲವೆಂಬಂತೆ ಮಲಗಿಬಿಡುತ್ತದೆ. ಮಲಗಲಿ. ಅತ್ತಿಗೆ ಎತ್ತಿಡುತ್ತಾರೆ, ಈಗ ನನ್ನ ಕೈಗೆ ಬಿಡುವಿಲ್ಲ, ಎಡಗೈಯಲ್ಲಿ ರಟ್ಟಿನ ಪೆಟ್ಟಿಗೆಯ ಬಾಯಿ, ಬಲಗೈಯಲ್ಲಿ ಟೇಪು, ಕಿರ್ರೋ ಎಂದು ಎಳೆದು, ಹರಿದು, ಹೆಬ್ಬೆರಳಿನಿಂದ ತೀಡಿದರೆ ಒಂದು ಮುಗಿಯಿತು, ಇನ್ನೊಂದು ಬರಲಿ. ಈ ಕಿರ್ರೋ ಸದ್ದೇ ಈಗ ಇಡೀ ಇಂಡಸ್ಟ್ರಿಯಲ್ ಎಸ್ಟೇಟಿನ ಸದ್ದು. ಎದುರಿನ ಶೆಡ್ಡಿನಲ್ಲಿ ಒಂದು ಕಾಲಕ್ಕೆ ನೀರಿನ ಪಂಪಿಗೆ ಎರಕ ಹೊಯ್ಯುತ್ತಿದ್ದರು, ಈಗ ಅಲ್ಲಿ ಒಬ್ಬಳು ನಾಯಿಗಳಿಗೆ ಅಂಗಿ ಹೊಲಿದು ಮಾರುತ್ತಾಳೆ, ಅವಳ ಪಕ್ಕದಲ್ಲಿ ಬೋಳುತಲೆಯವನೊಬ್ಬ ಬಾಚಣಿಗೆ ಮಾರುತ್ತಾನೆ — ನಗಬಾರದು, ಆದರೆ ಅವನೇ ನಗುತ್ತಾನೆ, ಅಕ್ಕಾ ಫೋಟೋದಲ್ಲಿ ನನ್ನ ತಲೆ ಹಾಕಲ್ಲ ಬಿಡಿ, ವ್ಯಾಪಾರ ಕೆಟ್ಹೋಗುತ್ತೆ — ತಿರುವಿನಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಹಳೆಯ ಗಡಿಯಾರಗಳಿಗೆ ಮುಳ್ಳು ಮಾರುತ್ತಾರೆ, ಬರೀ ಮುಳ್ಳು. ಹೊರಗಿನವರು ಬಂದರೆ ಬೋರ್ಡಿಲ್ಲ, ಶೋಕೇಸಿಲ್ಲ, ಗಿರಾಕಿ ಅನ್ನುವ ಪ್ರಾಣಿಯ ಸುಳಿವೂ ಇಲ್ಲ, ಬೂದು ಬಣ್ಣದ ಶಟರುಗಳ ಸಾಲು ನೋಡಿ ಇಲ್ಲಿ ಏನೂ ನಡೆಯುತ್ತಿಲ್ಲ ಅಂದುಕೊಂಡು ಹೋಗುತ್ತಾರೆ, ಸಂಜೆ ಕೊರಿಯರ್ ವ್ಯಾನು ನಿಂತಾಗ ನೋಡಬೇಕು, ಒಂದೊಂದು ಶಟರಿನ ಕೆಳಗಿನಿಂದಲೂ ಪೆಟ್ಟಿಗೆಗಳು ಮಳೆ ವಾಸನೆ ಹತ್ತಿದ ಇರುವೆಗಳ ಹಾಗೆ ಹೊರಡುತ್ತವೆ, ಅದರಲ್ಲಿ ಹೆಚ್ಚಿನವು ನನ್ನವು, ಸುಳ್ಳೇಕೆ ಹೇಳಲಿ, ವ್ಯಾನಿನವನು ಮೊದಲು ಬರುವುದೇ ನನ್ನ ಬಾಗಿಲಿಗೆ, ಮುಚ್ಚಳದಕ್ಕಾ ರೆಡೀನಾ. ಮುಚ್ಚಳದಕ್ಕ. ಅಪ್ಪ ಅಮ್ಮ ಯೋಚಿಸಿ ಇಟ್ಟ ಹೆಸರು ಹೋಗಿ ಇದು ನಿಂತಿತು, ಇರಲಿ, ಚೆನ್ನಾಗಿಯೇ ಇದೆ, ದುಡಿದು ಪಡೆದ ಹೆಸರು. ಹೊರಗೆ ಪೀಂ ಪೀಂ ಎನ್ನುತ್ತ ಲಾರಿಯೊಂದು ಹಿಂದಕ್ಕೆ ಬರುತ್ತಿದೆ, ಕೊರಿಯರ್ ವ್ಯಾನಿನ ದನಿಯಲ್ಲ, ಇಷ್ಟು ಬೆಳಿಗ್ಗೆ ಅದು ಬರುವುದೂ ಇಲ್ಲ, ಇದು ಗುಜರಿಯವನ ಲಾರಿ, ಪಕ್ಕದ ಶೆಡ್ಡಿಗೆ, ಅಣ್ಣನ ಪ್ರೆಸ್ಸಿಗೆ.

ಬರಲಿ, ಬರುವುದು ಬೇರೆ, ಒಯ್ಯುವುದು ಬೇರೆ. ಆ ಪ್ರೆಸ್ಸನ್ನು ಅಪ್ಪ ತಂದಾಗ ಅಣ್ಣನಿಗೆ ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ, ಆನೆಯ ಹಾಗೆ ನಿಂತಿತ್ತು, ಪಕ್ಕೆಗೆ ದೊಡ್ಡ ಚಕ್ರ, ಕೆಳಗೆ ತಗಡಿಟ್ಟು ಬಲಗಾಲಲ್ಲಿ ಪೆಡಲ್ ಮೆಟ್ಟಿದರೆ ಮೇಲಿನಿಂದ ಢಬ್ ಎಂದು ಬಂದು ಒತ್ತುತ್ತದೆ, ಮುಚ್ಚಳ ಹುಟ್ಟುತ್ತದೆ, ತಗಡು, ಢಬ್, ಮುಚ್ಚಳ, ಒಂದು ಪಾತ್ರೆ ಕಂಪನಿಗೆ ಅಪ್ಪ ಹೊಡೆದ, ಅಪ್ಪನ ಹೆಗಲು ಸೋತ ಮೇಲೆ ಅಣ್ಣ ಹೊಡೆದ, ಆ ಢಬ್ ಸದ್ದಿನಲ್ಲೇ ನನ್ನ ಓದು ನಡೆಯಿತು, ಮದುವೆ ನಡೆಯಿತು, ಇದೇನೂ ಸಣ್ಣ ಮಾತಲ್ಲ. ಕಂಪನಿಯವರು ಒಂದು ದಿನ ಪಾತ್ರೆ ಮುಚ್ಚಳ ಎರಡನ್ನೂ ಜೊತೆಜೊತೆಯಾಗಿ ಬೇರೆ ದೇಶದಿಂದ ತರಿಸತೊಡಗಿದರು, ನಿಮ್ಮ ಕೆಲ್ಸ ಚೆನ್ನಾಗಿದೆ ಆದ್ರೆ ಈಗ ಬೇಡ, ಅಷ್ಟೇ, ತಯಾರಾಗಿದ್ದ ಮುಚ್ಚಳಗಳು ಗೋಡೆಗೊರಗಿ ರಾಶಿ ಬಿದ್ದವು. ನಾನು ಆಗ ಕಣ್ಣಿನ ಆಸ್ಪತ್ರೆಯೊಂದರ ಕಿಟಕಿಯ ಹಿಂದೆ ಕೂತು ಚೀಟಿ ಹರಿದು ಕೊಡುತ್ತಿದ್ದೆ, ಅದೇ ವಾರವೋ ಅದರ ಮುಂದಿನ ವಾರವೋ ಮನೆಯಲ್ಲಿ ಕೈ ಜಾರಿ ಗಾಜಿನ ಮುಚ್ಚಳ ಒಡೆಯಿತು, ಪಾತ್ರೆ ಗಟ್ಟಿಮುಟ್ಟಾಗಿದೆ, ಮುಚ್ಚಳವಿಲ್ಲ, ಅಂಗಡಿಯಿಂದ ಅಂಗಡಿಗೆ ಅಲೆದೆ, ಪಾತ್ರೆ ತಗೊಂಡ್ರೆ ಮುಚ್ಚಳ ಬರುತ್ತೆ ಮೇಡಂ, ಬರೀ ಮುಚ್ಚಳ ಬರಲ್ಲ. ಯಾಕೆ ಬರಲ್ಲ? ಬಸ್ಸಿನಲ್ಲಿ ವಾಪಸು ಬರುವಾಗಲೂ ಅದೇ, ಯಾಕೆ ಬರಲ್ಲ, ಲೋಕದಲ್ಲಿ ಎಷ್ಟು ಅಡುಗೆಮನೆ, ಎಷ್ಟು ಜಾರುವ ಕೈ, ಎಲ್ಲರೂ ತಟ್ಟೆ ಬೋರಲು ಹಾಕಿಕೊಂಡು ಅನ್ನ ಬೇಯಿಸುತ್ತಿದ್ದಾರೆ, ಇಲ್ಲಿ ನಮ್ಮಣ್ಣನ ಗೋಡೆಗೆ ಒರಗಿ ರಾಶಿ ರಾಶಿ ಮುಚ್ಚಳ. ಮಂಚದ ಮೇಲೆ ಬಿಳಿ ಹೊದಿಕೆ ಹಾಸಿ ಒಂದೊಂದನ್ನೇ ಇಟ್ಟು ಫೋಟೋ ತೆಗೆದೆ, ಅಡ್ಡ ಅಳತೆ ಬರೆದೆ, ಆನ್‌ಲೈನಿನಲ್ಲಿ ಮಾರಾಟಕ್ಕೆ ಹಾಕಿದೆ. ಅಣ್ಣ ನಕ್ಕ. ಲೇ, ಅಂಗಡಿ ಅಂದ್ರೆ ಅಂಗಡೀಲಿ ಕೂತ್ಕೊಂಡು ಗಿರಾಕಿ ಹತ್ರ ನಾಲ್ಕು ಮಾತಾಡ್ಬೇಕು, ಮಂಚದ ಮೇಲೆ ಮುಚ್ಚಳ ಮಲಗ್ಸಿದ್ರೆ ಯಾವನ್ ಕೊಳ್ತಾನೆ. ಕೊಂಡರು. ಬೆಳಗಾಗುವುದರಲ್ಲಿ ಮೂಲೆ ಮೂಲೆಯಿಂದ ಕೊಂಡರು, ಒಬ್ಬಾಕೆ ಬರೆದಿದ್ದಳು, ತಾಯೀ ಇಷ್ಟು ದಿನ ಎಲ್ಲಿದ್ರಿ.

ಆಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ, ಮಂಚದ ಕೆಳಗೆ ಮುಚ್ಚಳ, ಬೀರುವಿನ ಮೇಲೆ ಪೆಟ್ಟಿಗೆ, ನಮ್ಮ ಮನೆಯವರು ಕಾಲು ಚಾಚಿದರೆ ಟಣ್, ಮಗಳು ಓದಲು ಕೂತರೆ ಟೇಪಿನ ಕಿರ್ರೋ, ಒಂದು ದಿನ ಅವಳೇ ಹೇಳಿದಳು, ಅಮ್ಮಾ ಒಂದೋ ನಾವು ಇರೋಣ, ಇಲ್ಲಾ ಮುಚ್ಚಳ ಇರ್ಲಿ, ಆಗ ಅಣ್ಣನ ಪಕ್ಕದ ಶೆಡ್ಡು ಖಾಲಿ ಬಿದ್ದಿತ್ತು, ಯಾವುದೋ ಬೇರಿಂಗ್ ಕಾರ್ಖಾನೆ ಬಿಟ್ಟುಹೋದದ್ದು. ಮೊದಲ ದಿನ ಶಟರ್ ಎತ್ತಿದಾಗ ಕತ್ತಲೆ, ಎಣ್ಣೆಯ ವಾಸನೆ, ತಗಡಿನ ಚಾವಣಿಯ ಸಂದಿಯಿಂದ ಒಂದೇ ಒಂದು ಗೆರೆ ಬಿಸಿಲು, ಕಿಟಕಿಯಿಲ್ಲ, ಹೆಂಗಸರಿಗೆಂದು ಶೌಚಾಲಯವಿಲ್ಲ — ಎಸ್ಟೇಟಿನ ಆಫೀಸಿನವರ ಬೆನ್ನು ಬಿದ್ದು ಕಟ್ಟಿಸಿದೆ, ಈಗ ನಾಯಿಯಂಗಿಯವಳೂ ಮುಳ್ಳಿನವಳೂ ನನ್ನನ್ನು ಹರಸುತ್ತಾರೆ — ಆದರೂ ಆ ದಿನ ನಡುವೆ ನಿಂತು ಎರಡೂ ಕೈ ಚಾಚಿದರೆ ಯಾವ ಗೋಡೆಯೂ ತಾಗಲಿಲ್ಲ, ಅದಕ್ಕಿಂತ ದೊಡ್ಡ ಸುಖ ಯಾವುದು. ಅತ್ತಿಗೆ ಸೇರಿಕೊಂಡರು, ಅಳತೆಯ ಪ್ರಕಾರ ಜೋಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಫೋನಿನಲ್ಲಿ ಮಾತಾಡುವುದು ಮಾತ್ರ ಅವರಿಗೆ ಹಾಗಲಕಾಯಿ, ಹಲೋ ಎನ್ನುವಷ್ಟರಲ್ಲಿ ಬೆವರುತ್ತಾರೆ. ಈಗ ನನಗೆ ಈ ಶೆಡ್ಡು ಸಾಲದು, ಅಣ್ಣ ತನ್ನದನ್ನು ಬಿಡುತ್ತೇನೆ ಅಂದಾಗ ಆಫೀಸಿಗೆ ಹೋಗಿ ಅದನ್ನೂ ನನ್ನ ಹೆಸರಿಗೆ ಕೇಳಿದೆ, ಒಪ್ಪಿದರು, ನಡುವಿನ ಗೋಡೆ ಒಡೆದು ಬಾಗಿಲು ಇಡುತ್ತೇನೆ, ಆ ಕಡೆ ದಾಸ್ತಾನು, ಈ ಕಡೆ ಪ್ಯಾಕಿಂಗು, ಮೂಲೆಯಲ್ಲಿ ಪ್ರೆಸ್ಸು ಹಾಗೇ ಇರಲಿ. ಪ್ರೆಸ್ಸು ಇರಬೇಕು. ಯಾರ ಬಳಿಯೂ ಸಿಗದ ಅಳತೆಗಳನ್ನು ಅಣ್ಣ ಹೊಡೆದರೆ ನಾನು ಮಾರುತ್ತೇನೆ, ಎಷ್ಟು ಸಲೀಸು, ಕುಡಿಕೆಗೆ ತಕ್ಕ ಮುಚ್ಚಳ, ಹೋದ ವಾರ ಊಟದ ಡಬ್ಬಿ ಬಿಚ್ಚುತ್ತ ಹೇಳಿದೆ, ಅಣ್ಣ ತಲೆ ಎತ್ತಲಿಲ್ಲ, ಬೇಡ ಅಂದ. ಯಾಕೆ? ಬೇಡ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಬೇಡ, ಬಿಡಿಸಿ ಹೇಳು. ಬೇಡ ಅಂದ್ನಲ್ಲ. ಅರ್ಥವಾಗದೆ ಇರಲು ನಾನೇನು ಚಿಕ್ಕ ಮಗುವೇ, ಮೀಸೆ ಅಡ್ಡ ಬರುತ್ತಿದೆ, ಎತ್ತಿ ಆಡಿಸಿದ ತಂಗಿಯ ಕೈಕೆಳಗೆ ಕೆಲಸ ಮಾಡುವುದು ಹೇಗೆ ಎಂದು, ಅಣ್ಣಂದಿರೆಲ್ಲ ಹೀಗೆ, ಒಳಗೆ ಬೆಣ್ಣೆ, ಮೇಲೆ ಬಿಗುಮಾನ. ಇವತ್ತು ಬೆಳಿಗ್ಗೆ ಅತ್ತಿಗೆ ಮುಚ್ಚಳ ಒರೆಸುತ್ತ ಮೆಲ್ಲಗೆ ಅಂದರು, ನೀನೇ ಒಂದ್ಸಲ ಕೇಳು ನೋಡೋಣ, ನನ್ನ ಹತ್ರ ಅವರು ಬಾಯೇ ಬಿಡಲ್ಲ, ರಾತ್ರಿ ಎಲ್ಲ ಹೊರಳಾಡ್ತಾರೆ. ಕೇಳ್ತೀನಿ ಅತ್ತಿಗೆ, ನೀವು ಸುಮ್ನಿರಿ, ನಾನು ಕೇಳಿದ್ದಕ್ಕೆ ಅವನು ಯಾವತ್ತು ಇಲ್ಲ ಅಂದಿದ್ದಾನೆ.

ಫೋನು. ಅತ್ತಿಗೆ ಆಗಲೇ ಬೆನ್ನು ತಿರುಗಿಸಿ ಮೇಲಿನ ಹಲಗೆ ಹತ್ತುತ್ತಿದ್ದಾರೆ, ನಾನೇ ಎತ್ತಬೇಕು, ಹಲೋ, ಹೇಳಿ ಸಾರ್. ಮುದುಕರ ದನಿ, ದೂರದ್ದು, ಗಟ್ಟಿ ಮಾತಾಡಮ್ಮಾ ಕೇಳಲ್ಲ. ಹೇಳೀ ಸಾರ್! ನಮ್ಮಲ್ಲೊಂದು ಪಾತ್ರೆ ಇದೆ, ದುಂಡಗಿಲ್ಲ, ಉದ್ದುದ್ದಕ್ಕೆ ಇದೆ, ಮೊಟ್ಟೆ ಥರ, ನಮ್ಮ ಹೆಂಡತಿ ಅದರಲ್ಲೇ ಎಲ್ಲಾ ಮಾಡೋಳು, ಮುಚ್ಚಳ ಕಾಣ್ತಾ ಇಲ್ಲ, ಅವಳಿದ್ದಾಗ ಇತ್ತು, ಈಗ ನಾನೇ ಬೇಯಿಸ್ಕೊಳ್ತೀನಿ, ಆವಿ ಎಲ್ಲ ಹೋಗ್ಬಿಡುತ್ತೆ. ಮೊಟ್ಟೆಯಾಕಾರದ್ದು. ನನ್ನ ಹಲಗೆಗಳ ಮೇಲೆ ಲೋಕದ ಅಳತೆಗಳೆಲ್ಲ ಇವೆ, ದುಂಡಗಿನವು, ಮೊಟ್ಟೆಯಾಕಾರದ್ದು ಇಲ್ಲ, ಇಲ್ಲ ಎನ್ನುವ ಮಾತನ್ನು ನಾನು ಕಲಿತೇ ಇಲ್ಲ, ಇವತ್ತೇ ಹೇಳ್ತೀನಿ ಸಾರ್, ನಾನೇ ಫೋನ್ ಮಾಡ್ತೀನಿ, ಪಾತ್ರೆ ಎಲ್ಲೂ ಹಾಕ್ಬೇಡಿ. ಟೇಪು ಕೆಳಗಿಟ್ಟೆ. ಇದಕ್ಕಿಂತ ಒಳ್ಳೆಯ ಸಮಯ ಯಾವುದು, ದೇವರೇ ಆರ್ಡರ್ ಕಳುಹಿಸಿದ ಹಾಗಾಯಿತು, ಅಣ್ಣನ ಮುಂದೆ ನಿಂತು ಹೇಳುತ್ತೇನೆ, ಕೆಲಸಕ್ಕೆ ಬಾ ಅಂತ ಕರೀತಿಲ್ಲ, ಗಿರಾಕಿ ಆಗಿ ಬಂದಿದೀನಿ, ಒಂದು ಮುಚ್ಚಳ ಮಾಡಿಕೊಡಪ್ಪಾ, ಗಿರಾಕಿಗೆ ಇಲ್ಲ ಅನ್ನುವುದಕ್ಕೆ ಯಾವ ಮೀಸೆಗೂ ಬಾಯಿಲ್ಲ, ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತ ಶಟರಿನ ಕೆಳಗೆ ತಲೆ ಬಗ್ಗಿಸಿ ಹೊರಗೆ ಬಂದರೆ ಬಿಸಿಲು ಕಣ್ಣಿಗೆ ಕುಕ್ಕಿತು, ಲಾರಿಯ ಹಿಂಬದಿ ಅಣ್ಣನ ಬಾಗಿಲಿಗೆ ಬಾಯಿಟ್ಟುಕೊಂಡು ನಿಂತಿದೆ, ಒಳಗೆ ಗ್ಯಾಸಿನ ಜ್ವಾಲೆ, ನೀಲಿ ಬೆಳಕು, ಸುಟ್ಟ ಕಬ್ಬಿಣದ ವಾಸನೆ.

ನೆಲಕ್ಕೆ ಕಚ್ಚಿಸಿದ ಬೋಲ್ಟುಗಳನ್ನು ಕತ್ತರಿಸುತ್ತಿದ್ದಾರೆ, ಅಣ್ಣ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನೋಡುತ್ತಿದ್ದಾನೆ, ಸಿನಿಮಾ ನೋಡುವವನ ಹಾಗೆ, ಅಣ್ಣಾ ಅಂದೆ, ಕೇಳಲಿಲ್ಲ, ಅವನ ಎಡಗಿವಿ ಪ್ರೆಸ್ಸಿನ ಸದ್ದಿಗೆ ಎಂದೋ ಹೋಗಿದೆ, ಬಲಗಿವಿಯ ಕಡೆ ಬಂದು ಕೂಗಿದೆ, ಅಣ್ಣಾ ನಿಲ್ಸಕ್ಕೆ ಹೇಳು. ಗುಜರಿಯವನು ಸೊಂಟದ ಮೇಲೆ ಕೈಯಿಟ್ಟ, ಅಕ್ಕಾ ಬೋಣಿ ಹೊತ್ತಲ್ಲಿ ಹಿಂಗಂದ್ರೆ ಹೆಂಗೆ. ನೀವು ಸ್ವಲ್ಪ ಟೀ ಕುಡ್ಕೊಂಡು ಬನ್ನಿ, ನಮ್ಮ ಮನೆ ಮಾತಿದೆ. ಅವನು ಅಣ್ಣನ ಮುಖ ನೋಡಿದ, ಅಣ್ಣ ಹ್ಞೂಂ ಅಂದ, ಜ್ವಾಲೆ ಆರಿತು. ನಾನು ಸಿದ್ಧ ಮಾಡಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ, ಮುದುಕರ ಪಾತ್ರೆ, ಮೊಟ್ಟೆಯಾಕಾರ, ಗಿರಾಕಿಯಾಗಿ ಬಂದಿದ್ದೇನೆ, ಇಂಥವು ಇನ್ನೂ ಬರುತ್ತವೆ, ನನ್ನ ಕೈಕೆಳಗಲ್ಲ, ನಿನ್ನ ಮೆಷಿನ್ ನಿನ್ನದೇ, ನಿನ್ನ ಮರ್ಯಾದೆಗೆ ಕುಂದು ಬಾರದ ಹಾಗೆ, ಅಷ್ಟರಲ್ಲಿ ಅವನು ನಕ್ಕುಬಿಟ್ಟ, ಕಣ್ಣಲ್ಲಿ ನೀರು ಬರುವ ಹಾಗೆ. ಮರ್ಯಾದೆನಾ? ಮರ್ಯಾದೆ ಮನೆ ಹಾಳಾಯ್ತು ಬಿಡು. ನೀನು ಅದನ್ನ ಅಂದ್ಕೊಂಡಿದೀಯ? ಮತ್ತೇನು? ನನಗೆ ಈ ಮೆಷಿನ್ ಕಂಡ್ರೆ ಆಗಲ್ಲ ಕಣೇ. ಈಗಲ್ಲ, ಯಾವತ್ತೂ ಆಗ್ತಿರ್ಲಿಲ್ಲ. ನಾನು ಪ್ರೆಸ್ಸಿನ ಕಡೆ ನೋಡಿದೆ, ಅವನ ಕಡೆ ನೋಡಿದೆ. ಅಪ್ಪ ಇಲ್ಲಿ ಕೂರ್ಸಿದ, ಕೂತೆ, ಏಳು ಅನ್ನೋರು ಯಾರೂ ಬರ್ಲಿಲ್ಲ. ಮತ್ತೆ ಯಾಕಣ್ಣಾ ಹೇಳ್ಲಿಲ್ಲ? ಯಾರಿಗೆ ಹೇಳ್ಲಿ, ಇದರ ಪಕ್ಕ ನಿಂತು ಬಾಯಿ ಬಿಟ್ರೆ ನನ್ನ ಮಾತು ನನಗೇ ಕೇಳ್ತಿರ್ಲಿಲ್ಲ. ಚಕ್ರದ ಮೇಲಿನ ದೂಳನ್ನು ಬೆರಳಿನಿಂದ ಒರೆಸಿ ಪ್ಯಾಂಟಿಗೆ ಉಜ್ಜಿಕೊಂಡ, ನಿಮ್ಮತ್ತಿಗೆ ದಿನಾ ಮನೆಗೆ ಬಂದು ಹೇಳ್ತಾಳೆ, ಇವತ್ತು ಯಾರೋ ಹುಡುಗಿ ಫೋನ್ ಮಾಡಿದ್ಳಂತೆ, ಹೊಸದಾಗಿ ಒಬ್ಬಳೇ ಮನೆ ಮಾಡಿದಾಳಂತೆ, ಒಂದೇ ಪಾತ್ರೆಯಂತೆ, ನಿನ್ನ ಹತ್ರ ಅಷ್ಟು ಹೊತ್ತು ಮಾತಾಡಿದ್ಳಂತೆ. ನಾನು ಇಷ್ಟು ವರ್ಷ ಮುಚ್ಚಳ ಹೊಡೆದೆ, ಅದು ಯಾರ ಒಲೆ ಮೇಲೆ ಕೂತ್ಕೊಳ್ತು ಅಂತ ಒಬ್ಬ ನರಪ್ರಾಣಿ ಬಂದು ಹೇಳ್ಲಿಲ್ಲ. ನಿನಗೆ ಏನಾದ್ರೂ ಮಾಡ್ಬೇಕು ಅನ್ಸಿದ್ರೆ ಮೆಷಿನ್ ಉಳಿಸ್ಬೇಡ. ಆ ಫೋನ್ ಕೊಡು ನನಗೆ.

ಫೋನು, ಇವನಿಗೆ, ಒಂದು ಕಿವಿ ಪೂರ್ತಿ ಇಲ್ಲ, ಇನ್ನೊಂದು ಅರ್ಧ, ಕಿವುಡನ ಮುಂದೆ ಕಿನ್ನರಿ ನುಡಿಸಿದ ಹಾಗೆ ಎಂದು ಕೇಳಿದ್ದೆ, ಕಿವುಡನ ಕೈಗೇ ಕಿನ್ನರಿ ಕೊಟ್ಟದ್ದು ಕೇಳಿರಲಿಲ್ಲ, ಮಾತಾಡಿದರೆ ಎದುರಿನ ಸಾಲಿಗೆ ಕೇಳುತ್ತದೆ, ಗಿರಾಕಿ ಹೆದರಿ ಓಡುತ್ತಾನೆ — ಆದರೆ ನನ್ನ ತಲೆ ನಿಲ್ಲುವುದಿಲ್ಲವಲ್ಲ, ಅದು ಆಗಲೇ ಗೋಡೆ ಒಡೆದು, ಪ್ರೆಸ್ಸಿದ್ದ ಮೂಲೆಯಲ್ಲಿ ಮೇಜು ಹಾಕಿ, ಕಿವಿಗೆ ಹಾಕಿಕೊಳ್ಳುವ ಒಳ್ಳೆಯ ಹೆಡ್‌ಫೋನು ತರಿಸಿ, ಅತ್ತಿಗೆಯನ್ನು ಫೋನಿನ ಕಾಟದಿಂದ ಬಿಡಿಸಿ, ಸಿಗದ ಅಳತೆಗಳನ್ನು ಕೊನೆಯ ಸಾಲಿನ ಪ್ರೆಸ್ಸಿನವನಿಗೆ ಒಪ್ಪಿಸಿ ಮುಗಿಸಿದೆ, ಅವನೂ ಕೆಲಸವಿಲ್ಲದೆ ನೊಣ ಹೊಡೆಯುತ್ತಿದ್ದಾನೆ, ಅವನಿಗೆ ಮೆಷಿನ್ ಅಂದರೆ ಪ್ರಾಣ, ಹೆಂಡತಿಗಿಂತ ಹೆಚ್ಚು ಒರೆಸುತ್ತಾನೆ. ನಾನು ತಪ್ಪು ತಿಳಿದಿದ್ದೆ, ಸರಿ, ತಿಳಿದ ಮೇಲೆ ತಿದ್ದಿಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು. ಕೊಡ್ತೀನಿ, ಆದ್ರೆ ಬೈಯಬಾರದು. ನಾನು ಯಾರಿಗೆ ಬೈದೆ? ಈಗ ಬೈತಿದೀಯಲ್ಲ. ನಾನು ಮಾತಾಡೋದೇ ಹಿಂಗೆ ಕಣೇ! ಗುಜರಿಯವನು ಟೀ ಲೋಟ ಹಿಡಿದೇ ಬಂದ, ಏನಾಯ್ತಕ್ಕಾ ಬಿಡೋದಾ ಒಯ್ಯೋದಾ. ಒಯ್ಯಿರಿ ಅಂದವಳು ನಾನೇ. ಸರಪಳಿ ಬಿಗಿಯಿತು, ಪ್ರೆಸ್ಸು ಒಮ್ಮೆ ನರಳಿ ನೆಲ ಬಿಟ್ಟಿತು, ಆನೆಯೊಂದು ಗಾಳಿಯಲ್ಲಿ ತೂಗಾಡಿದ ಹಾಗೆ, ಅತ್ತಿಗೆ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದರು, ಬಾಚಣಿಗೆಯವನೂ ನಾಯಿಯಂಗಿಯವಳೂ ಬಂದು ನಿಂತರು, ಅಣ್ಣ ಮಾತ್ರ ಹಗುರಾಗಿ ಓಡಾಡುತ್ತ ಹುಷಾರು, ಎಡಕ್ಕೆ, ಇನ್ನೂ ಎಡಕ್ಕೆ ಎಂದು ಲಾರಿಯವನಿಗೆ ದಾರಿ ತೋರುತ್ತಿದ್ದ, ಲಾರಿ ತಿರುವು ದಾಟುವ ತನಕವೂ ಅವನ ಮುಖದಲ್ಲಿ ನಗು, ನಾನು ಹುಡುಕಿದೆ, ಬೇರೆ ಏನಾದರೂ ಇದೆಯೇ ಎಂದು, ಇರಲಿಲ್ಲ.

ಕೂರು ಅಂದೆ, ನನ್ನ ಸ್ಟೂಲು ಕೊಟ್ಟೆ, ಇದು ಹಲೋ ಅನ್ನೋ ಗುಂಡಿ, ಇದು ಇಡೋ ಗುಂಡಿ. ಗೊತ್ತು ಕಣೇ, ನಾನೇನು ಕಾಡಿಂದ ಬಂದಿದೀನಾ. ಮುದುಕರ ನಂಬರ್ ಒತ್ತಿಕೊಟ್ಟು ಟೇಪು ಕೈಗೆತ್ತಿಕೊಂಡೆ, ನನಗೇನು, ಕೇಳಿಸದ ಹಾಗೆ ಕೇಳಿಸಿಕೊಳ್ಳುವುದು ನನ್ನ ಕಸುಬು. ಹಲೋ! ಸಾರ್, ಮುಚ್ಚಳದವರು! ಅತ್ತಿಗೆಯ ಕೈಯಿಂದ ಒರೆಸುವ ಬಟ್ಟೆ ಬಿತ್ತು. ಆ ಕಡೆಯಿಂದಲೂ ಅಷ್ಟೇ ಗಟ್ಟಿ, ಯಾರೂ? ಮುಚ್ಚಳದವರೂ! ಓ, ಹೇಳಪ್ಪಾ, ನಿನ್ನ ಮಾತು ಚೆನ್ನಾಗಿ ಕೇಳುತ್ತೆ, ಬೆಳಿಗ್ಗೆ ಆಯಮ್ಮ ಪಿಸಪಿಸ ಅಂತಿದ್ಳು. ನಾನು ಪಿಸಪಿಸ! ಎಸ್ಟೇಟಿಗೆಲ್ಲ ಹೆಸರಾದ ನನ್ನ ಗಂಟಲು! ಅಣ್ಣ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ, ನೋಡ್ಕೋ ಎನ್ನುವ ಹಾಗೆ, ನಗು ತಡೆಯಲಾರದೆ ಪೆಟ್ಟಿಗೆಯೊಳಗೆ ಮುಖ ಹಾಕಿದೆ, ಸಾರ್ ಒಂದು ದಾರ ತಗೊಳ್ಳಿ, ದಾರ, ಪಾತ್ರೆ ಬಾಯಿಗೆ ಉದ್ದಕ್ಕೊಂದ್ಸಲ, ಅಡ್ಡಕ್ಕೊಂದ್ಸಲ ಹಿಡೀರಿ, ಹ್ಞಾಂ, ಅವಸರ ಇಲ್ಲ, ಹಿಡೀರಿ, ಹುಳಿಗೆ ಏನು ಹಾಕ್ತೀರಿ ನೀವು, ಉಪ್ಪು ಮೊದ್ಲೇ ಹಾಕ್ಬೇಡಿ, ಅಮ್ಮಾವ್ರು ಹೆಂಗೆ ಮಾಡೋರು, ಹ್ಞೂಂ, ಹ್ಞೂಂ, ಅಳ್ಬೇಡಿ ಸಾರ್, ಅತ್ರೆ ದಾರ ಜಾರುತ್ತೆ. ನಾನು ಟೇಪು ಎಳೆಯುವುದನ್ನು ನಿಲ್ಲಿಸಿದೆ. ಎಷ್ಟು ಚೆಂದ ಮಾತಾಡುತ್ತಾನೆ, ಇವನು, ನನ್ನಣ್ಣ, ಊಟದ ಡಬ್ಬಿ ಮುಂದೆ ಬೇಡ ಅನ್ನುವ ಒಂದು ಮಾತಿಗಿಂತ ಹೆಚ್ಚು ಆಡದವನು, ಇಷ್ಟೆಲ್ಲ ಎಲ್ಲಿತ್ತು, ಮನೆಯಲ್ಲಿ ಇರಲಿಲ್ಲ, ನನ್ನ ಮದುವೆಯ ದಿನವೂ ಇರಲಿಲ್ಲ, ಎಲ್ಲಿ ಇಟ್ಟುಕೊಂಡಿದ್ದ, ನಾಳೆಯೇ ಹೆಡ್‌ಫೋನು ತರಿಸಬೇಕು, ಗೋಡೆ ಒಡೆಯುವವನಿಗೂ ಹೇಳಿ ಕಳುಹಿಸಬೇಕು, ಇನ್ನೊಂದು ಫೋನೂ ಬೇಕಾದೀತು, ಜನ ಇವನನ್ನೇ ಕೇಳುತ್ತಾರೆ ನೋಡು, ಗಟ್ಟಿ ಮಾತಾಡುವ ಆ ಯಜಮಾನರನ್ನು ಕೊಡಿ ಎನ್ನುತ್ತಾರೆ, ಬರಲಿ, ಎಲ್ಲರೂ ಬರಲಿ — ಬಿದ್ದ ಬಟ್ಟೆ ಎತ್ತಿಕೊಡೋಣವೆಂದು ಬಗ್ಗಿದೆ. ಮೇಜಿನ ಕೆಳಗೆ ಅವನ ಬಲಗಾಲು. ಹ್ಞಾಂ ಸಾರ್, ಹೇಳಿ. ಹಿಮ್ಮಡಿ ನೆಲದ ಮೇಲಿದೆ, ಮುಂಗಾಲು ಮೇಲೆದ್ದಿದೆ, ಕೆಳಗೆ ಬರುತ್ತದೆ, ಒತ್ತುತ್ತದೆ, ಏಳುತ್ತದೆ. ಅಲ್ಲಿ ಪೆಡಲ್ಲಿಲ್ಲ. ಹೌದು ಸಾರ್, ಅದೇ ಅಳತೆ. ಮೇಲೆ ಮುಖ ನಗುತ್ತಿದೆ, ಕೈ ದಾರದ ಲೆಕ್ಕವನ್ನು ಗಾಳಿಯಲ್ಲಿ ತೋರಿಸುತ್ತಿದೆ, ಕೆಳಗೆ ಕಾಲಿಗೆ ಯಾರೂ ಏನೂ ಹೇಳಿಲ್ಲ, ನಾನು ಬಟ್ಟೆ ಹಿಡಿದು ಬಗ್ಗಿಕೊಂಡೇ ಇದ್ದೇನೆ, ಅತ್ತಿಗೆ ಏನೇ ಏನಾಯ್ತು ಎನ್ನುತ್ತಿದ್ದಾರೆ, ಏನಿಲ್ಲ ಅತ್ತಿಗೆ, ಏನಿಲ್ಲ, ಮೇಲೇಳುತ್ತದೆ, ಖಾಲಿ ನೆಲವನ್ನು ಒತ್ತುತ್ತದೆ, ಆ ಕಾಲು, ಮೇಲೇಳುತ್ತದೆ, ಆ ಕಾಲು